ಗೈರುಹಾಜರಿಯ ಚರಿತ್ರೆ

ಹಾಜರಿ ಪುಸ್ತಕದಲ್ಲಿ ಇರೋದು ಎರಡೇ ಗುರುತು. ಬಂದ ಮಗುವಿಗೆ ಒಂದು, ಬಾರದ ಮಗುವಿಗೆ ಇನ್ನೊಂದು. ಬಾರದ ಮಗು ಎಲ್ಲಿಗೆ ಹೋಯಿತು, ಯಾರ ಜೊತೆ ಹೋಯಿತು, ಅಲ್ಲಿ ಏನು ಮಾಡುತ್ತಿದೆ ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ದೀಪಾವಳಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ವಿಜಯಪುರ ಸೀಮೆಯ ಒಣಭೂಮಿಯ ಹಳ್ಳಿಗಳಿಗೆ ಹೋಗಿ ಆ ಪುಸ್ತಕ ತೆರೆದು ನೋಡಬೇಕು. ಜೂನಿನಿಂದ ಅಕ್ಟೋಬರಿನ ತನಕ ಸರಿಯಾಗಿ ಬರುತ್ತಿದ್ದ ಹೆಸರುಗಳು ನವೆಂಬರಿನಿಂದ ಸಾಲಾಗಿ ಗೈರು. ಆ ಹೆಸರಿನ ಮಕ್ಕಳ ಮನೆ ಎಲ್ಲಿ ಅಂತ ಕೇಳಿದರೆ ಬೆರಳು ತೋರಿಸುವುದು ಊರ ಹೊರಗಿನ ಕೇರಿಯ ಕಡೆಗೆ, ತಾಂಡಾದ ಕಡೆಗೆ. ಅಲ್ಲಿಗೆ ಹೋದರೆ ಮನೆಗಳಿಗೆ ಬೀಗ. ಕಟ್ಟೆಯ ಮೇಲೆ ನಾಲ್ಕು ಜನ ಮುದುಕರು. 'ದುಡಿಯಾಕ ಹೋಗ್ಯಾರ' ಅನ್ನೋ ಒಂದೇ ಮಾತು.

ನಮ್ಮ ಕಡೆ ಇದಕ್ಕೆ ಗುಳೆ ಅಂತಾರೆ. ಗಂಟುಮೂಟೆ, ಪಾತ್ರೆ, ಕೋಳಿ, ಕೂಸು ಎಲ್ಲ ಕಟ್ಟಿಕೊಂಡು ಲಾರಿ ಹತ್ತುವುದು. ಉಳ್ಳವರ ಮಗು ಶಾಲೆ ತಪ್ಪಿಸಿ ಅಪ್ಪ ಅಮ್ಮನ ಜೊತೆ ಊಟಿಗೋ ತಿರುಪತಿಗೋ ಹೋದರೆ ಅದು ಪ್ರವಾಸ. ರಜಾಚೀಟಿ ಬರುತ್ತದೆ, ಮೇಷ್ಟರು ಸಹಿ ಹಾಕುತ್ತಾರೆ. ಹೆಬ್ಬೆಟ್ಟಿನ ಅಪ್ಪ ರಜಾಚೀಟಿ ಎಲ್ಲಿಂದ ಬರೆದಾನು? ಅವನ ಮಗುವಿನ ಹೆಸರಿನ ಮುಂದೆ ಗೈರಿನ ಗುರುತು ಬೀಳುತ್ತದೆ, ಕಡೆಗೆ 'ಶಾಲೆ ಬಿಟ್ಟ ಮಗು' ಎಂಬ ಪಟ್ಟಿಗೆ ಹೋಗುತ್ತದೆ. ತಪ್ಪು ತಂದೆತಾಯಿಯದು, 'ಇವರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ' ಎಂದು ಭಾಷಣವಾಗುತ್ತದೆ. ನಮ್ಮ ಮನೆಗಳಲ್ಲಿ ಮೊದಲ ಸಲ ಡಿಗ್ರಿ ಪಡೆದ ನಾವು ಈ ಭಾಷಣವನ್ನು ಬಹಳ ಕೇಳಿದ್ದೇವೆ. ಇದಕ್ಕೆ ಉತ್ತರ ಕೊಡಬೇಕಾದರೆ ಗೈರುಹಾಜರಿಯ ಚರಿತ್ರೆಯನ್ನೇ ಬಿಚ್ಚಿ ನೋಡಬೇಕು. ಮೊದಲು ನೀವು ಒಳಗೆ ಬರಬೇಡಿ ಅಂದರು. ಆಮೇಲೆ ನೀವು ಯಾಕೆ ಬರಲಿಲ್ಲ ಅಂದರು. ಎರಡೂ ಮಾತನ್ನು ಆಡಿದ್ದು ಒಂದೇ ಬಾಯಿ.

ಹಳೆಯ ಕಾಲದಲ್ಲಿ ಕನ್ನಡ ನಾಡಿನ ಊರ ಶಾಲೆಗಳಿಗೆ ಕೂಲಿಮಠ ಎಂಬ ಹೆಸರಿತ್ತು. ಐಗಳಿಗೆ ಕಾಳುಕಡಿ, ಕಾಸು ಕೂಲಿಯಾಗಿ ಕೊಟ್ಟು ಅಕ್ಷರ ಕಲಿಯುವ ಮಠ. ಹೆಸರಿನಲ್ಲೇ ಕೂಲಿ ಇದ್ದರೂ ಕೂಲಿಯವರ ಮಕ್ಕಳಿಗೆ ಅಲ್ಲಿ ಜಾಗ ಇರಲಿಲ್ಲ. ಬ್ರಿಟಿಷರ ಸರ್ಕಾರಿ ಶಾಲೆ ಬಂದ ಮೇಲಾದರೂ ಬಾಗಿಲು ತೆರೆಯಿತೆ? 1856ರಲ್ಲಿ ನಮ್ಮದೇ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬೈ ಸರ್ಕಾರದವರೆಗೆ ಹೋಯಿತು. ಒಬ್ಬನಿಗಾಗಿ ಉಳಿದವರ ಮನಸ್ಸು ನೋಯಿಸಿದರೆ ಶಾಲೆಯೇ ಖಾಲಿಯಾದೀತು ಎಂಬ ಲೆಕ್ಕ ಹಾಕಿ ಸರ್ಕಾರ ಕೈ ಚೆಲ್ಲಿತು. ಅವನ ಪರವಾದ ಮಾತು ಆಮೇಲೆ ಲಂಡನ್ನಿನಿಂದ ಕಾಗದದ ಮೇಲೆ ಬಂತು. ಅದು ಹಳ್ಳಿಯ ಶಾಲೆಯ ಹೊಸ್ತಿಲು ದಾಟಲು ಎಷ್ಟೋ ದಶಕ ಹಿಡಿಯಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಹುಡುಗರನ್ನು ಸೇರಿಸಿಕೊಂಡ ಕಡೆಗಳಲ್ಲಿ ಮೇಲ್ಜಾತಿಯವರು ತಮ್ಮ ಮಕ್ಕಳನ್ನು ನಡುವರ್ಷದಲ್ಲೇ ಶಾಲೆಯಿಂದ ಬಿಡಿಸಿಕೊಂಡು ಹೋದ ಪ್ರಸಂಗಗಳು ಮುಂಬೈ ಪ್ರಾಂತ್ಯದಲ್ಲೂ ಮೈಸೂರು ಸಂಸ್ಥಾನದಲ್ಲೂ ನಡೆದಿವೆ. ಮಕ್ಕಳನ್ನು ಶಾಲೆ ತಪ್ಪಿಸುವುದು ತಪ್ಪು ಅಂತಾದರೆ ಆ ತಪ್ಪನ್ನು ಊರಿಗೆ ಊರೇ ಸೇರಿ ಮಾಡಿದವರು ಅವರು. ಅದಕ್ಕೆ ಸಂಪ್ರದಾಯ ಎಂಬ ಗೌರವದ ಹೆಸರು ಸಿಕ್ಕಿತು.

ಇನ್ನು ಗುಳೆಯ ಕಡೆ ನೋಡೋಣ. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರ ನಮ್ಮ ಅಜ್ಜಂದಿರ ಅಜ್ಜಂದಿರು ಕಂಡದ್ದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಸತ್ತವರಲ್ಲಿ ಮೊದಲ ಸಾಲು ಯಾರದು? ಸ್ವಂತ ಹೊಲವಿಲ್ಲದವರದು, ಕಣದಲ್ಲಿ ಬಿದ್ದ ಕಾಳಿಗೆ ಕೈಯೊಡ್ಡುವವರದು. ಬದುಕಿದವರು ಮಕ್ಕಳನ್ನು ಎತ್ತಿಕೊಂಡು ಕೆರೆ ತೋಡುವ, ರಸ್ತೆ ಹಾಕುವ ಬರಗಾಮಗಾರಿಗೆ ನಡೆದರು. ಆ ಬರದ ನಂತರ ಸರ್ಕಾರ ಮಾಡಿದ ಕ್ಷಾಮ ಸಂಹಿತೆಗಳಲ್ಲಿ ಕೂಲಿಯ ದರಪಟ್ಟಿ ಇತ್ತು. ಗಂಡಸಿಗೆ ಇಷ್ಟು, ಹೆಂಗಸಿಗೆ ಇಷ್ಟು, ದುಡಿಯುವ ಮಗುವಿಗೆ ಇಷ್ಟು. ಅಂದರೆ ನಮ್ಮ ಮಗುವಿನ ಹೆಸರು ಸರ್ಕಾರದ ಕಾಗದಕ್ಕೆ ಹತ್ತಿದ್ದು ಶಾಲೆಯ ಹಾಜರಿಯಿಂದಲ್ಲ, ಕೂಲಿಯ ಹಾಜರಿಯಿಂದ. ಶಾಲೆಯಲ್ಲಿ ಗೈರಾದ ಮಗು ಮಣ್ಣಿನ ಬುಟ್ಟಿಯ ಹತ್ತಿರ ಹಾಜರಿತ್ತು.

ಈ ಸತ್ಯವನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ಜೋತಿಬಾ ಫುಲೆ ಒಬ್ಬರು. 1882ರಲ್ಲಿ ಹಂಟರ್ ಆಯೋಗದ ಮುಂದೆ ಅವರು ಬರೆದುಕೊಟ್ಟ ಹೇಳಿಕೆಯಲ್ಲಿ ಎರಡು ಮಾತು ಮುಖ್ಯ. ಖಜಾನೆ ತುಂಬುವುದು ರೈತ ಕೂಲಿಕಾರರ ಬೆವರಿನಿಂದ, ಅದನ್ನು ಸುರಿಯುವುದು ಮೇಲಿನವರ ಉನ್ನತ ಶಿಕ್ಷಣಕ್ಕೆ. ಆದ್ದರಿಂದ ಕನಿಷ್ಠ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕು. ಆಯೋಗ ಕೇಳಿಸಿಕೊಂಡಿತು, ಸರ್ಕಾರ ಮಾಡಲಿಲ್ಲ. 1892ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಬಂದ ಮಕ್ಕಳಿಗೆ ದಿನಕ್ಕಿಷ್ಟು ಕಾಸು ಕೊಡುತ್ತಿದ್ದರೆಂದು ಆ ಭಾಗದಲ್ಲಿ ಇಂದಿಗೂ ಹೇಳುತ್ತಾರೆ. ಮಗು ಶಾಲೆಗೆ ಬಂದರೆ ಮನೆಗೆ ಒಂದು ಕೂಲಿ ಕಡಿಮೆಯಾಗುತ್ತದೆ ಎಂಬ ಲೆಕ್ಕ ಅವರಿಗೆ ಗೊತ್ತಿತ್ತು. ದೊಡ್ಡ ದೊಡ್ಡ ಶಿಕ್ಷಣ ತಜ್ಞರಿಗೆ ಈ ಸಣ್ಣ ಲೆಕ್ಕ ತಲೆಗೆ ಹೋಗಲು ಎಷ್ಟೋ ಕಾಲ ಬೇಕಾಯಿತು.

1911ರಲ್ಲಿ ಗೋಪಾಲಕೃಷ್ಣ ಗೋಖಲೆ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಕೇಂದ್ರದ ಶಾಸನಸಭೆಯಲ್ಲಿ ಮಂಡಿಸಿದರು. ಬಹಳ ಅಂಜುತ್ತಂಜುತ್ತಾ ಬರೆದ ಮಸೂದೆ ಅದು. ಆದರೂ 1912ರ ಮಾರ್ಚಿನಲ್ಲಿ 38ಕ್ಕೆ 13 ಮತಗಳಿಂದ ಬಿದ್ದುಹೋಯಿತು. ಬ್ರಿಟಿಷ್ ಅಧಿಕಾರಿಗಳ ಜೊತೆ ನಮ್ಮ ಜಮೀನ್ದಾರರೂ ಅಡ್ಡ ನಿಂತಿದ್ದರು. ಎಲ್ಲರ ಮಕ್ಕಳೂ ಶಾಲೆಗೆ ಹೋದರೆ ಹೊಲದಲ್ಲಿ ಗೇಯುವವರು ಯಾರು, ದನ ಕಾಯುವವರು ಯಾರು? ಜಮೀನ್ದಾರಿಯ ಹೊಟ್ಟೆಯೊಳಗಿನ ಈ ಪ್ರಶ್ನೆಯೇ ನಮ್ಮ ಊರುಗಳಲ್ಲಿ ಜೀತದ ಹುಡುಗನ ಕೈಗೆ ಬಾರುಕೋಲು ಕೊಟ್ಟಿದ್ದು. ಜೀತ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ.

ಸಂಸ್ಥಾನಗಳು ಒಂದು ಹೆಜ್ಜೆ ಮುಂದಿದ್ದವು. ಬರೋಡೆಯ ಸಯಾಜಿರಾಯರು 1906ರಲ್ಲಿ ಇಡೀ ಸಂಸ್ಥಾನಕ್ಕೆ ಕಡ್ಡಾಯ ಶಿಕ್ಷಣ ತಂದರು. ಮೈಸೂರು 1913ರಲ್ಲಿ ಶಾಸನ ಮಾಡಿ ಆಯ್ದ ಕೆಲವು ಕಡೆ ಜಾರಿ ಮಾಡಿತು. ಕೊಲ್ಹಾಪುರದ ಶಾಹು ಮಹಾರಾಜರು 1917ರಲ್ಲಿ ಉಚಿತ, ಕಡ್ಡಾಯ ಎರಡೂ ಎಂದು ಸಾರಿದರು. ಈ ರಾಜರ ಕಳಕಳಿಯನ್ನು ನಾವು ಮರೆಯುವುದಿಲ್ಲ. ಆದರೆ ಈ ಮಾದರಿಯ ಕಾನೂನುಗಳ ಒಳಗೆ ಒಂದು ಗುಣ ಕೂತಿತ್ತು. ಮಗು ಬಾರದಿದ್ದರೆ ದಂಡ ಬೀಳುವುದು ತಂದೆತಾಯಿಗೆ. ಮಗುವನ್ನು ಹೊಲಕ್ಕೆ ಎಳೆದ ಧಣಿಗೆ ದಂಡವಿಲ್ಲ, ಕೂಲಿ ಕಡಿಮೆ ಕೊಟ್ಟವನಿಗೆ ದಂಡವಿಲ್ಲ. ಸ್ವತಂತ್ರ ಬಂದ ಮೇಲೆ 1961ರಲ್ಲಿ ನಮ್ಮ ರಾಜ್ಯ ಮಾಡಿದ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯೂ ಇದೇ ದಾರಿ ಹಿಡಿಯಿತು. ಹಾಜರಾತಿ ಆದೇಶ, ತಪ್ಪಿದರೆ ದಂಡ. ದಂಡ ಕಟ್ಟಲು ದುಡ್ಡಿದ್ದವನು ಗುಳೆ ಯಾಕೆ ಹೋದಾನು?

ನಮ್ಮವರಿಗೆ ಪ್ರಯಾಣ ಯಾವತ್ತೂ ಸುಖದ್ದಾಗಿರಲಿಲ್ಲ. ರಜೆಯಲ್ಲಿ ಹೋದರೂ ಅಷ್ಟೇ. 1901ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಒಂಬತ್ತು-ಹತ್ತು ವರ್ಷದ ಹುಡುಗ. ಶಾಲೆಗೆ ಹೋಗುವ ಹುಡುಗ. ಬೇಸಿಗೆ ರಜೆಯಲ್ಲಿ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಸಾತಾರೆಯಿಂದ ಕೆಲಸದ ಮೇಲಿದ್ದ ತಂದೆಯನ್ನು ನೋಡಲು ರೈಲು ಹತ್ತಿದರು. ಹೊಸ ಬಟ್ಟೆ, ಕೈಯಲ್ಲಿ ದುಡ್ಡು ಎಲ್ಲ ಇತ್ತು. ಮಸೂರು ನಿಲ್ದಾಣದಲ್ಲಿ ಇಳಿದು ಜಾತಿ ಹೇಳಿದ ಕೂಡಲೆ ಬಾಡಿಗೆ ಗಾಡಿಯವರು ಹಿಂದೆ ಸರಿದರು. ಕಡೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆದುಕೊಂಡು ಹೋದರು. ರಾತ್ರಿಯಿಡೀ ಕುಡಿಯಲು ನೀರು ಸಿಗಲಿಲ್ಲ. ಬಾಬಾಸಾಹೇಬರೇ ಇದನ್ನು ಬರೆದಿಟ್ಟಿದ್ದಾರೆ. ರಜೆಯ ಪ್ರಯಾಣವೇ ಹೀಗಿದ್ದ ಜನಕ್ಕೆ ಹೊಟ್ಟೆಪಾಡಿನ ಪ್ರಯಾಣ ಹೇಗಿದ್ದೀತು ಅಂತ ಬೇರೆ ಹೇಳಬೇಕಾಗಿಲ್ಲ.

ಈ ಶಾಲೆಯ ಮಾದರಿ, ಈ ಹಾಜರಿ ಪುಸ್ತಕ ನಮಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿಯ ಬಡವರ ಕತೆಯನ್ನೂ ಒಂದಿಷ್ಟು ತಿಳಿಯಬೇಕು. 1880ರಲ್ಲಿ ಅಲ್ಲಿ ಹಾಜರಾತಿ ಕಡ್ಡಾಯವಾಯಿತು. ಆದರೆ ಪ್ರತಿ ಸೆಪ್ಟೆಂಬರಿನಲ್ಲಿ ಪೂರ್ವ ಲಂಡನ್ನಿನ ಕೂಲಿಕಾರ ಕುಟುಂಬಗಳು ಮಕ್ಕಳು ಮರಿ ಸಮೇತ ಕೆಂಟ್ ಸೀಮೆಗೆ ಹೋಗುತ್ತಿದ್ದವು. ಬಿಯರಿಗೆ ಹಾಕುವ ಹಾಪ್ ಎಂಬ ಬಳ್ಳಿಯ ಹೂ ಬಿಡಿಸುವ ಕೆಲಸಕ್ಕೆ. ಶಾಲೆಯಲ್ಲಿ ಬೆಂಚು ಖಾಲಿ. ಅದೇ ಕೆಂಟಿನ ಹಳ್ಳಿಯ ಶಾಲೆಗಳು ಮಾತ್ರ ಆ ಸುಗ್ಗಿಗೆ ಸರಿಯಾಗಿ ತಮ್ಮ ರಜೆಯನ್ನೇ ಹೊಂದಿಸಿಕೊಂಡವು. ತೋಟದ ಒಡೆಯನಿಗೆ ಕೈ ಬೇಕಾದಾಗ ಕ್ಯಾಲೆಂಡರು ಬಗ್ಗಿತು! ಈ ಕಾಲದ ಇಂಗ್ಲೆಂಡಿನಲ್ಲಿ ಜಗಳ ಬೇರೆ ಆಗಿದೆ. ಜಾನ್ ಪ್ಲಾಟ್ ಎಂಬ ತಂದೆ 2015ರಲ್ಲಿ ಶಾಲೆಯ ದಿನಗಳಲ್ಲಿ ಮಗಳನ್ನು ಅಮೆರಿಕಕ್ಕೆ ವಿಹಾರಕ್ಕೆ ಕರೆದೊಯ್ದು, 120 ಪೌಂಡು ದಂಡ ಕಟ್ಟಲು ಒಪ್ಪದೆ ಕೋರ್ಟಿಗೆ ಹೋದರು. 2017ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಸುಖಕ್ಕೆ ಹೋಗುವವನ ಮೇಲೆ ಹೂಡಿದ ಆ ಕಾನೂನನ್ನು ತಂದು ಹೊಟ್ಟೆಗೆ ಹೋಗುವವನ ಮೇಲೆ ಹೂಡುವುದು ನ್ಯಾಯವಲ್ಲ.

ನಮ್ಮ ಸೀಮೆಯ ಗುಳೆ ಬರೀ ಬರದಿಂದ ಹುಟ್ಟಿದ್ದೂ ಅಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂತು. ಕಾಲುವೆಯ ಕೆಳಗೆ ಭತ್ತ ಬೆಳೆಯಿತು, ಕ್ಯಾಂಪುಗಳು ಎದ್ದವು. ನೀರು ಹತ್ತದ ಮೇಲಿನ ಊರುಗಳು ಒಣಗಿಯೇ ಉಳಿದು ಕೆಳಗಿನವರಿಗೆ ಕೂಲಿ ಕಳಿಸುವ ಊರುಗಳಾದವು. 1974ರ ಭೂಸುಧಾರಣೆ ಉಳುವ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯ ಕಾಗದವೂ ಇಲ್ಲದೆ ಬರೀ ಕೂಲಿ ಮಾಡಿದ ಹೊಲೆಯ ಮಾದಿಗರಿಗೆ ಸಿಕ್ಕಿದ್ದು ಬಹಳ ಕಡಿಮೆ. ಅತ್ತ ಬೆಳಗಾವಿ, ಬಾಗಲಕೋಟೆ, ಪಶ್ಚಿಮ ಮಹಾರಾಷ್ಟ್ರಗಳಲ್ಲಿ ಸಕ್ಕರೆ ಕಾರ್ಖಾನೆಗಳ ಚಿಮಣಿ ಎದ್ದವು. ನಗರಗಳ ಸುತ್ತ ಇಟ್ಟಿಗೆ ಭಟ್ಟಿಗಳು ಎದ್ದವು. ಬೆಂಗಳೂರು, ಪುಣೆ, ಗೋವಾ, ಹೈದರಾಬಾದುಗಳಲ್ಲಿ ಮಹಡಿಗಳು ಎದ್ದವು. ಇವೆಲ್ಲಕ್ಕೂ ಕೈ ಬೇಕಾಗಿತ್ತು.

ಆ ಕೆಲಸದ ಕೂಲಿಯ ಲೆಕ್ಕ ನೋಡಿ. ಕಬ್ಬು ಕಡಿದರೆ ಟನ್ನಿಗೆ ಇಷ್ಟು. ಇಟ್ಟಿಗೆ ಹೊಯ್ದರೆ ಸಾವಿರಕ್ಕೆ ಇಷ್ಟು. ಮಳೆಗಾಲದಲ್ಲಿ ಹೊಟ್ಟೆ ಬೆನ್ನಿಗೆ ಹತ್ತಿದಾಗಲೇ ಮುಕಾದಮ ಬಂದು ಮುಂಗಡ ಕೊಟ್ಟು ಹೋಗಿರುತ್ತಾನೆ. ಆ ಸಾಲ ತೀರುವ ತನಕ ಕೆಲಸ ಬಿಡುವಂತಿಲ್ಲ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು ಎಂದು ಲೆಕ್ಕ. ಮನುಷ್ಯರ ಲೆಕ್ಕವೂ ಇಲ್ಲ, ಆಯುಧದ ಲೆಕ್ಕ. ದಿನಗೂಲಿಯಾದರೆ ಮಗುವಿನ ಕೈಗೆ ಕೆಲಸ ಕೊಡುವ ಒತ್ತಾಯ ಕಡಿಮೆ. ತೂಕಕ್ಕೆ, ಎಣಿಕೆಗೆ ಕೂಲಿ ಎಂದಾಗ ಪ್ರತಿ ಸಣ್ಣ ಕೈಯೂ ಲೆಕ್ಕಕ್ಕೆ ಬರುತ್ತದೆ. ಏಳು ವರ್ಷದ ಹುಡುಗ ಕಬ್ಬಿನ ಸೋಗೆ ಒಟ್ಟುತ್ತಾನೆ, ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಮಗುಚುತ್ತಾನೆ. ಹತ್ತು ವರ್ಷದ ಹುಡುಗಿ ಗುಡಿಸಲಿನಲ್ಲಿ ಕೂಸು ಆಡಿಸುತ್ತಾಳೆ, ನೀರು ತರುತ್ತಾಳೆ, ರೊಟ್ಟಿ ಬಡಿಯುತ್ತಾಳೆ. ಈ ಹುಡುಗಿಯ ಕೆಲಸ ಯಾವ ಮುಕಾದಮನ ಪುಸ್ತಕದಲ್ಲೂ ಇಲ್ಲ. ಶಾಲೆಯ ಪುಸ್ತಕದಲ್ಲಿ ಅವಳು ಗೈರು, ಮುಕಾದಮನ ಪುಸ್ತಕದಲ್ಲಿ ಅವಳು ಇಲ್ಲವೇ ಇಲ್ಲ.

ಮೇಷ್ಟರು ಮನೆಗೆ ಬಂದು 'ಮಗೂನ ಬಿಟ್ಟು ಹೋಗ್ರಿ' ಅಂದರೆ ನಮ್ಮ ಅವ್ವಂದಿರು ಹೇಳೋದು ಒಂದೇ: 'ಯಾರ ಕೈಯಾಗ ಬಿಟ್ಟು ಹೋಗ್ಲಿ ಸರ? ಮುದುಕಿಗೆ ಕಣ್ಣು ಕಾಣಂಗಿಲ್ಲ. ವಯಸ್ಸಿಗೆ ಬಂದ ಹುಡುಗಿ. ಏನಾರ ಆದ್ರ ನೀವು ಬರ್ತೀರೇನು?' ಈ ಪ್ರಶ್ನೆಯಲ್ಲಿ ಅಜ್ಞಾನ ಎಲ್ಲಿದೆ? ಕೇರಿಯ ಹುಡುಗಿಯ ಮೇಲೆ ಊರಿನವರ ಕಣ್ಣು ಹೇಗೆ ಬೀಳುತ್ತದೆ ಎಂಬ ನೂರಾರು ವರ್ಷದ ತಿಳುವಳಿಕೆ ಇದೆ.

ಹೋಗುವ ತಂದೆತಾಯಿಯ ಮಕ್ಕಳಿಗೆ ಶಾಲೆ ಕೊಡುವುದು ಸಾಧ್ಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1963ರಲ್ಲಿ ಭಾರತ ಸರ್ಕಾರ ಕೇಂದ್ರೀಯ ವಿದ್ಯಾಲಯಗಳನ್ನು ಶುರು ಮಾಡಿತು. ಯಾಕೆ? ಸೈನ್ಯದವರು, ಕೇಂದ್ರ ಸರ್ಕಾರದ ನೌಕರರು ಊರಿಂದೂರಿಗೆ ವರ್ಗವಾಗುತ್ತಾರೆ, ಅವರ ಮಕ್ಕಳ ಓದು ನಡುವರ್ಷದಲ್ಲಿ ಕೆಡಬಾರದು ಎಂದು. ದೇಶದ ಯಾವ ಮೂಲೆಗೆ ಹೋದರೂ ಅದೇ ಪಾಠ, ಅದೇ ಪುಸ್ತಕ. ಒಳ್ಳೆಯ ಕೆಲಸವೇ. ಆದರೆ ಭಟ್ಟಿಯಿಂದ ಭಟ್ಟಿಗೆ ವರ್ಗವಾಗುವವನ ಮಗುವಿಗೆ ಬಂದದ್ದು ಏನು? ಟೆಂಟ್ ಶಾಲೆ, ಚಿಣ್ಣರ ಅಂಗಳ. ಮಹಾರಾಷ್ಟ್ರದಲ್ಲಿ ಕಾರ್ಖಾನೆಯ ಪಕ್ಕದಲ್ಲಿ ಸಾಖರ್ ಶಾಳಾ. ಅವುಗಳಲ್ಲಿ ಮೈಮುರಿದು ಕೆಲಸ ಮಾಡಿದ ಮೇಷ್ಟರುಗಳಿಗೆ ನಮ್ಮ ನಮಸ್ಕಾರ. ಆದರೆ ಗಡಿ ದಾಟಿದ ಕನ್ನಡದ ಮಗುವಿಗೆ ಮರಾಠಿ ಪಾಠ, ತೆಲುಗು ಪಾಠ. ವಾಪಸು ಬಂದರೆ ಇಲ್ಲಿಯ ಮಾರ್ಚಿನ ಪರೀಕ್ಷೆ ಮುಗಿದಿರುತ್ತದೆ.

ಕಾನೂನು ತಿದ್ದಿಕೊಂಡಿದೆ, ಅದನ್ನು ಒಪ್ಪಬೇಕು. 14 ವರ್ಷದವರೆಗೆ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಶಿಕ್ಷಣ ಎಂದು 1950ರಲ್ಲಿ ಸಂವಿಧಾನ ಹೇಳಿದ್ದು ಹಕ್ಕಾಗಲು 2002ರ ತಿದ್ದುಪಡಿ ಬೇಕಾಯಿತು, ಜಾರಿಗೆ 2010ರ ಏಪ್ರಿಲ್ 1 ಬೇಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ 'ಕಡ್ಡಾಯ' ಅಂದರೆ ಸರ್ಕಾರಕ್ಕೆ ಕಡ್ಡಾಯ. ತಂದೆತಾಯಿಗೆ ಕರ್ತವ್ಯ ಹೇಳಿದೆ, ದಂಡ ಹೇಳಿಲ್ಲ. ಫುಲೆಯವರ ಹೇಳಿಕೆಯಿಂದ ಇಲ್ಲಿಗೆ ಬರಲು 127 ವರ್ಷ! ಅದೇ ಕಾಯಿದೆಯ 9ನೇ ಕಲಮನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಬೇಕು. ಗುಳೆ ಬಂದ ಕುಟುಂಬದ ಮಕ್ಕಳನ್ನು ಸೇರಿಸಿಕೊಳ್ಳುವುದು ಸ್ಥಳೀಯ ಪ್ರಾಧಿಕಾರದ ಕೆಲಸ. ಶಾಲೆಯ ವರ್ಷದ ಕ್ಯಾಲೆಂಡರು ನಿರ್ಧರಿಸುವುದೂ ಅದರದೇ ಕೆಲಸ. 5ನೇ ತರಗತಿಯವರೆಗೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕೆಂದು ಅನುಸೂಚಿಯಲ್ಲಿದೆ. ಆ ದಿನಗಳು ಜೂನಿನಿಂದಲೇ ಶುರುವಾಗಬೇಕೆಂದು ಅಲ್ಲಿ ಬರೆದಿಲ್ಲ.

ಈ ರಾಜ್ಯದಲ್ಲಿ 60 ದಿನ ಸತತ ಬಾರದ ಮೇಲೆ ಮಾತ್ರ ಮಗುವನ್ನು ಶಾಲೆಯಿಂದ ಹೊರಗುಳಿದದ್ದು ಎಂದು ಎಣಿಸುತ್ತಿದ್ದರು. 2013ರಲ್ಲಿ ಕರ್ನಾಟಕ ಹೈಕೋರ್ಟು ಈ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡ ಮೇಲೆ ಅದು 7 ದಿನಕ್ಕೆ ಇಳಿಯಿತು. ಅರುವತ್ತು ದಿನದಲ್ಲಿ ಕಬ್ಬಿನ ಸೀಜನ್ನಿನ ಅರ್ಧ ಮುಗಿದಿರುತ್ತದೆ ಎಂಬುದು ಆ ನಿಯಮ ಬರೆದವರಿಗೆ ಯಾಕೆ ಹೊಳೆಯಲಿಲ್ಲ? 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲಾಯಿತು. 2004ರಲ್ಲಿ ಸುಪ್ರೀಂ ಕೋರ್ಟು ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಹಾಕಿ ಎಂದಿತು. ರಜೆಯಲ್ಲಿ ಶಾಲೆಯ ಒಲೆ ಉರಿಯಬಹುದಾದರೆ ಶಾಲೆಯ ಬಾಗಿಲೂ ತೆರೆಯಬಹುದು. ಕೊಡಗಿನಲ್ಲಿ, ಕರಾವಳಿಯಲ್ಲಿ ಜೋರು ಮಳೆ ಬಂದರೆ ಜಿಲ್ಲಾಧಿಕಾರಿ ರಜೆ ಸಾರುತ್ತಾರೆ. ಮಳೆ ಬಂದರೆ ಬಗ್ಗುವ ಕ್ಯಾಲೆಂಡರು ಮಳೆ ಬಾರದಿದ್ದರೆ ಯಾಕೆ ಬಗ್ಗುವುದಿಲ್ಲ?

2020ರ ಏಪ್ರಿಲಿನಲ್ಲಿ, ದೇಶಕ್ಕೆ ಬೀಗ ಹಾಕಿದಾಗ, ತೆಲಂಗಾಣದ ಮೆಣಸಿನಕಾಯಿ ಹೊಲದಿಂದ ಛತ್ತೀಸಗಢದ ತನ್ನ ಊರಿಗೆ ನಡೆದು ಹೊರಟ 12 ವರ್ಷದ ಆದಿವಾಸಿ ಹುಡುಗಿಯೊಬ್ಬಳು ಮನೆ ಹತ್ತಿರವಾಗುತ್ತಿರುವಾಗ ದಾರಿಯಲ್ಲೇ ಸತ್ತಳು. ಆರನೆಯ ತರಗತಿಯ ವಯಸ್ಸು. ಪತ್ರಿಕೆಗಳು ಅವಳನ್ನು ವಲಸೆ ಕಾರ್ಮಿಕಳು ಅಂತ ಬರೆದವು. ಹನ್ನೆರಡು ವರ್ಷದ ಮಗುವಿಗೆ ಕಾರ್ಮಿಕಳು ಎಂಬ ಪದ ಎಷ್ಟು ಸಲೀಸಾಗಿ ಒಗ್ಗಿತು!

ಗೆಳೆಯರೆ, ಗುಳೆ ನಿಲ್ಲಬೇಕಾದರೆ ಊರಲ್ಲೇ ಭೂಮಿ ಬೇಕು, ನೀರು ಬೇಕು, ಕೆಲಸ ಬೇಕು. 2005ರ ಉದ್ಯೋಗ ಖಾತರಿ ಕಾಯಿದೆ ಊರಲ್ಲೇ 100 ದಿನದ ಕೆಲಸ ಎಂದಿತು. 2006ರ ಮೊದಲ ಕಂತಿನಲ್ಲೇ ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳು ಇದ್ದವು. ಆದರೂ ದೀಪಾವಳಿ ಕಳೆದ ಮೇಲೆ ಲಾರಿಗಳು ನಿಲ್ಲಲಿಲ್ಲ. ಆ ದೊಡ್ಡ ಹೋರಾಟ ಬಿಡುವಂತಿಲ್ಲ. ಅದು ಗೆಲ್ಲುವ ತನಕ ಮಕ್ಕಳ ವರ್ಷಗಳು ಕಾಯುವುದಿಲ್ಲ. ಆದ್ದರಿಂದ ಈಗಲೇ ಕೇಳಬೇಕಾದ್ದು ಇಷ್ಟು. ಗುಳೆಯ ತಾಲೂಕುಗಳಲ್ಲಿ ಶಾಲೆಯ ವರ್ಷವನ್ನು ಗುಳೆಯ ವರ್ಷ ನೋಡಿ ಹೊಂದಿಸಿ. ಮಕ್ಕಳನ್ನು ಬಿಟ್ಟು ಹೋಗಲು ತಾಯಿ ಹೆದರದಂಥ ಹಾಸ್ಟೆಲು ಊರಲ್ಲೇ ತೆರೆಯಿರಿ, ಹುಡುಗಿಯರಿಗೆ ಮೊದಲು. ಭಟ್ಟಿಯ, ಕಾರ್ಖಾನೆಯ ಬಾಗಿಲಲ್ಲಿ ಕನ್ನಡದ ಶಾಲೆ ನಡೆಸುವ ಖರ್ಚನ್ನು ಮಾಲೀಕರಿಂದ ವಸೂಲಿ ಮಾಡಿ. ಮಗುವಿನ ಜೊತೆ ಅದರ ಹಾಜರಿಯೂ ಪ್ರಯಾಣ ಮಾಡಲಿ. ಅಲ್ಲಿ ಕೂತ ದಿನ ಇಲ್ಲಿಯ ಲೆಕ್ಕಕ್ಕೆ ಬರಲಿ.

ಮೇಷ್ಟರುಗಳಲ್ಲಿ ಒಂದು ಮಾತು. ನಿಮ್ಮಲ್ಲಿ ಬಹಳ ಮಂದಿ ನಮ್ಮ ಹಾಗೆಯೇ ಕೇರಿಯಿಂದ ಬಂದವರು. ಈ ನವೆಂಬರಿನಲ್ಲಿ ಗೈರು ಎಂದು ಗುರುತು ಹಾಕುವ ಮುಂಚೆ, ಆ ಮಗು ಹೋದ ಊರು, ಕೆಲಸ, ಕರೆದುಕೊಂಡು ಹೋದ ಮುಕಾದಮನ ಹೆಸರು, ಮೂರನ್ನೂ ಪುಸ್ತಕದ ಅಂಚಿನಲ್ಲಿ ಬರೆದಿಡಿ. ಜಾಗ ಸಾಲದಿದ್ದರೆ ಬೇರೆ ಹಾಳೆ ಅಂಟಿಸಿ. ಕೇಳಬೇಕಾದವರನ್ನು ಕೇಳಲು ನಮಗೆ ಆ ಹಾಳೆ ಬೇಕು.